ಹನ್ನೊಂದು ವರ್ಷ ಜೋಪಾನ ಮಾಡಿದ ಹ್ಯಾಂಡ್‌ಬ್ರೇಕ್

ಎರಡನೆಯ ಸಲವೂ ಬೆಂಕಿಪೊಟ್ಟಣ ಅಪ್ಪಚ್ಚಿಯಾಯಿತು.

ಡ್ರೈವಿಂಗ್ ಪರೀಕ್ಷೆಯ ಮೈದಾನದಲ್ಲಿ ಸಿಮೆಂಟಿನ ಒಂದು ಏರು ಇದೆ. ಅದರ ನಡುವೆ ಒಂದು ಬಿಳಿ ಗೆರೆ. ಪರೀಕ್ಷೆಗೆ ಬಂದವರು ಕಾರನ್ನು ಆ ಗೆರೆಯ ತನಕ ಹತ್ತಿಸಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಪರೀಕ್ಷೆ ಮಾಡುವ ಸಾಹೇಬರು ಹಿಂದಿನ ಚಕ್ರದ ಬೆನ್ನಿಗೆ ಒಂದು ಖಾಲಿ ಬೆಂಕಿಪೊಟ್ಟಣ ಇಡುತ್ತಾರೆ. ಆಮೇಲೆ "ಕಾಲು ತೆಗೀರಿ" ಅನ್ನುತ್ತಾರೆ. ಕಾಲು ತೆಗೆದ ಮೇಲೂ ಕಾರು ನಿಂತಲ್ಲೇ ನಿಂತು, ಅಲ್ಲಿಂದ ಹಿಂದೆ ಜಾರದೆ ಮುಂದೆ ಹೋದರೆ ಪಾಸು. ಪೊಟ್ಟಣ ಅಪ್ಪಚ್ಚಿಯಾದರೆ ಮನೆಗೆ.

ನನ್ನ ಹೆಂಡತಿ ಎರಡು ಸಲ ಮನೆಗೆ ಬಂದಳು. ಎರಡನೆಯ ಸಲ ಸಾಹೇಬರು ಚಪ್ಪಟೆಯಾದ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಮ್ಮಾ, ಇದೊಂದನ್ನ ಉಳಿಸಿ ಸಾಕು, ಇನ್ನೇನೂ ಕೇಳಲ್ಲ" ಅಂದರು.

ವಾಪಸು ಬರುವಾಗ ಕಾರು ನಾನೇ ಓಡಿಸಿದೆ. ಅರ್ಧ ದಾರಿಯಲ್ಲಿ ಅವಳು ಶುರು ಮಾಡಿದಳು.

"ರೀ, ಈ ಹ್ಯಾಂಡ್‌ಬ್ರೇಕ್ ಹಿಡಿಯಲ್ಲ."

"ಹಿಡಿಯದೇ ಇರೋದು ಬ್ರೇಕ್ ಅಲ್ಲ, ನಿನ್ನ ಕೈ. ಮೂರು ತಿಂಗಳಿಂದ ಬಡ್ಕೊಳ್ತಿದೀನಿ, ಗಟ್ಟಿಯಾಗಿ ಎಳಿ ಅಂತ. ನೀನು ಮಗು ಕೆನ್ನೆ ಹಿಂಡೋ ಹಾಗೆ ಎಳೀತೀಯ."

"ಎರಡೂ ಕೈಯಲ್ಲಿ ಎಳೆದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ನೆಲದ ವಿಷಯದಲ್ಲಿ ನನ್ನ ಮುಂದೆ ಯಾರೂ ಮಾತಾಡಬಾರದು. ನಾನು ಟೈಲ್ಸ್ ಕೂರಿಸುವವನು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ನಾನು ಕೂರಿಸಿದ ಬಚ್ಚಲಲ್ಲಿ ಒಂದು ಚೊಂಬು ನೀರು ಎಲ್ಲಿ ಚೆಲ್ಲಿದರೂ ಅದು ತೂತು ಹುಡುಕಿಕೊಂಡು ಹೋಗುತ್ತದೆ.

ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಕೂತಿದ್ದರು, ಹೆಂಡತಿಯ ತಾಯಿ. ನಮ್ಮ ಜೊತೆಗೇ ಇದ್ದಾರೆ. ಮಗಳು ಡ್ರೈವಿಂಗ್ ಕಲಿಯಲು ಶುರು ಮಾಡಿದ ದಿನದಿಂದ ಒಂದು ದಿನವೂ ತಪ್ಪಿಸದೆ ಹಿಂದಿನ ಸೀಟಿನಲ್ಲಿ ಹತ್ತಿ ಕೂರುತ್ತಾರೆ. ಯಾಕೆ ಅಂದರೆ, "ಹೋದರೆ ಇಬ್ಬರೂ ಒಟ್ಟಿಗೆ ಹೋಗೋಣ ಅಂತ" ಅನ್ನುತ್ತಾರೆ.

"ಅಳಿಯಂದಿರು ಒಂದು ಸಲ ತಾವೇ ಎಳೆದು ನೋಡಬಾರದಾ?" ಅಂದರು ಅತ್ತೆ.

"ನಾನ್ಯಾಕೆ ಎಳೀಲಿ ಅತ್ತೆ? ನಾನು ಗಾಡಿ ಗೇರಲ್ಲಿ ಹಾಕಿ ನಿಲ್ಲಿಸೋನು. ಹನ್ನೊಂದು ವರ್ಷದಿಂದ ಆ ಬ್ರೇಕಿಗೆ ಕೈ ಹಚ್ಚಿಲ್ಲ. ಹೊಸದು ಹೊಸದಾಗೇ ಇದೆ."

ಇದು ನಿಜ. ಕಾರು ಕೊಂಡ ದಿನ ಅಂಗಡಿಯವನು ನನ್ನೆದುರಿಗೇ ಹ್ಯಾಂಡ್‌ಬ್ರೇಕ್ ಎಳೆದು ತೋರಿಸಿದ್ದ. ಲಿವರಿನ ಬುಡದಲ್ಲಿ ಹಲ್ಲುಗಳಿರುತ್ತವೆ, ಎಳೆದಾಗ ಒಂದೊಂದು ಹಲ್ಲಿಗೂ ಕಟ್ ಕಟ್ ಎನ್ನುತ್ತದೆ. ಆ ಸದ್ದು ಕೇಳಿ ನನಗೆ ಹೊಟ್ಟೆ ಉರಿಯಿತು. ಒಂದೊಂದು ಕಟ್ಟಿಗೂ ಎಲ್ಲೋ ಒಂದು ಕಡೆ ಕಬ್ಬಿಣ ಸವೆಯುತ್ತಿರುತ್ತದೆ. ಬಳಸಿದ್ದು ಸವೆಯುತ್ತದೆ, ಬಳಸದ್ದು ಉಳಿಯುತ್ತದೆ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾಲ್ಕು ವರ್ಷ ತೆಗೆದಿರಲಿಲ್ಲ. ಕಾಲು ಒರೆಸುವ ಮ್ಯಾಟುಗಳು ಇವತ್ತಿಗೂ ಡಿಕ್ಕಿಯಲ್ಲಿ ಸುತ್ತಿಟ್ಟ ಹಾಗೇ ಇವೆ. ಹ್ಯಾಂಡ್‌ಬ್ರೇಕನ್ನೂ ಹಾಗೆಯೇ ಜೋಪಾನ ಮಾಡಿದ್ದೆ. ಹನ್ನೊಂದು ವರ್ಷ ಯಾರೂ ಮುಟ್ಟದ ಬ್ರೇಕ್ ಹಿಡಿಯುವುದಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ?

ಅವಳಿಗೆ ಲೈಸೆನ್ಸ್ ಬೇಕಾಗಿದ್ದದ್ದು ಶೋಕಿಗಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಾಳೆ. ಹದಿಮೂರು ವರ್ಷ ಆವಿಯ ಮುಂದೆ ನಿಂತೂ ನಿಂತೂ ಮೊಣಕಾಲು ಹೋಗಿದೆ. ಸಂಜೆ ಬಂದರೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಆ ಲಾಂಡ್ರಿಯ ವ್ಯಾನ್ ಓಡಿಸುವವನು ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದ. ಅಲ್ಲಿಯ ಮ್ಯಾನೇಜರಮ್ಮ ಇವಳಿಗೆ ಹೇಳಿದ್ದರು: "ಅಷ್ಟರೊಳಗೆ ಲೈಸೆನ್ಸ್ ತಂದರೆ ಸೀಟು ನಿನ್ನದು. ತರದಿದ್ದರೆ ಹೊರಗಿಂದ ಕರೀತೀನಿ. ಆಮೇಲೆ ನನ್ನ ಬೈಕೋಬೇಡ." ಮುಂದೆ ಬರುವ ಗುರುವಾರದ ಪರೀಕ್ಷೆಯೇ ಈ ತಿಂಗಳಿನ ಕೊನೆಯದು. ಅದೂ ಹೋದರೆ ಇನ್ನು ಹದಿಮೂರು ವರ್ಷ ನಿಲ್ಲಬೇಕು.

ಶನಿವಾರ ಫೇಲಾಗಿದ್ದಳು. ಭಾನುವಾರ ಬೆಳಗ್ಗೆ ನಾನು ಒಬ್ಬನೇ ಕಾರು ತೆಗೆದುಕೊಂಡು ಹೋದೆ. ಅವಳ ಮಾತು ಸುಳ್ಳು ಅಂತ ಒಂದು ಸಲ ಸಾಬೀತು ಮಾಡಿಬಿಟ್ಟರೆ ಆಮೇಲೆ ಧೈರ್ಯವಾಗಿ ಬೈಯಬಹುದಲ್ಲ. ನೀರಿನ ಟ್ಯಾಂಕಿನ ಹಿಂದೆ ಒಂದು ಏರು ದಾರಿ ಇದೆ, ಜನ ಓಡಾಡುವುದಿಲ್ಲ. ನೆಲದ ಮಟ್ಟ ನೋಡುವ ನನ್ನ ರಸಮಟ್ಟ ಇಟ್ಟು ನೋಡಿದೆ. ಹೆಚ್ಚು ಕಡಿಮೆ ಪರೀಕ್ಷೆಯ ಮೈದಾನದಷ್ಟೇ ಏರು. ನಡುವೆ ನಿಲ್ಲಿಸಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಲಿವರ್ ಎಳೆದೆ. ಗಂಡಸು ಎಳೆಯುವ ಹಾಗೆ ಎಳೆದೆ. ಕಾಲು ತೆಗೆದೆ.

ಕಾರು ಹಿಂದಕ್ಕೆ ಹೊರಟಿತು.

ಮತ್ತೆ ಬ್ರೇಕ್ ತುಳಿದು ನಿಲ್ಲಿಸಿದೆ. ಈ ಸಲ ಎರಡೂ ಕೈ ಹಾಕಿದೆ. ಕಟ್ ಕಟ್ ಕಟ್ ಎನ್ನುತ್ತಾ ಲಿವರ್ ನನ್ನ ಮೊಣಕೈ ತನಕ ಬಂತು. ಹದಿನಾಲ್ಕು ಹಲ್ಲು ಎಣಿಸಿದೆ. ಕಾಲು ತೆಗೆದೆ. ಕಾರು ಒಂದು ಕ್ಷಣ ಯೋಚನೆ ಮಾಡಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಹೊರಟಿತು. ನಾನು ಲಿವರಿಗೆ ನೇತುಬಿದ್ದುಕೊಂಡೇ ಏರಿನ ಬುಡ ತಲುಪಿದೆ. ಅಲ್ಲಿ ಮರಳಿನ ಗುಡ್ಡೆ ಇತ್ತು, ಅದು ಹಿಡಿಯಿತು.

ಮೂರು ತಿಂಗಳಲ್ಲಿ ನಾನು ಅವಳಿಗೆ ಅಂದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಊಟ ಮಾಡಲ್ವಾ ನೀನು ಅಂದಿದ್ದೆ. ಇಸ್ತ್ರಿ ಪೆಟ್ಟಿಗೆ ಎತ್ತೋ ಕೈಗೆ ಇದು ಬರಲ್ವಾ ಅಂದಿದ್ದೆ. ನಿಮ್ಮ ವಂಶದಲ್ಲೇ ಕೈಯಲ್ಲಿ ಬಲ ಇಲ್ಲ ಅಂದಿದ್ದೆ, ಅದೂ ಅತ್ತೆಯನ್ನು ಹಿಂದೆ ಕೂರಿಸಿಕೊಂಡು. ಈಗ ಹೋಗಿ, ನೀನು ಹೇಳಿದ್ದು ಸರಿ ಅಂತ ಹೇಳಬೇಕಿತ್ತು. ಅದರ ಬದಲು ನಾನು ಮರಳು ಕೊಡವಿಕೊಂಡು ಒಂದು ತೀರ್ಮಾನಕ್ಕೆ ಬಂದೆ. ಗುರುವಾರದೊಳಗೆ ಗುಟ್ಟಾಗಿ ರಿಪೇರಿ ಮಾಡಿಬಿಡುವುದು. ಅವಳು ಎಳೆಯುತ್ತಾಳೆ, ಹಿಡಿಯುತ್ತದೆ, ಪಾಸಾಗುತ್ತಾಳೆ. ಕೈ ಬಿಗಿ ಮಾಡಿ ಎಳೆದೆ, ಅದಕ್ಕೇ ಬಂತು ಅಂದುಕೊಳ್ಳುತ್ತಾಳೆ. ನಾನು ಹೇಳಿಕೊಟ್ಟಿದ್ದು ಸುಳ್ಳಾಗುವುದಿಲ್ಲ.

ಸೋಮವಾರ ಒಪ್ಪಿಕೊಂಡ ಕೆಲಸ ಮುಗಿಸಬೇಕಿತ್ತು, ಕಾರಿನ ಕೆಳಗೆ ನುಗ್ಗಲು ಆಗಲಿಲ್ಲ. ಸಂಜೆ ಅವಳು ಅಭ್ಯಾಸಕ್ಕೆ ಕರೆದಳು. ಮನೆಯ ಹಿಂದಿನ ಸಣ್ಣ ಇಳಿಜಾರಿನಲ್ಲಿ ಹತ್ತು ಸಲ ಹತ್ತಿಸಿ ನಿಲ್ಲಿಸಿದಳು. ಪ್ರತಿ ಸಲವೂ ಎರಡು ಕೈಯಲ್ಲಿ ಲಿವರನ್ನು ಬಾವಿಯಿಂದ ಕೊಡ ಎತ್ತುವ ಹಾಗೆ ಎಳೆಯುತ್ತಿದ್ದಳು. ಏರು ಸಣ್ಣದು, ಹೇಗೋ ನಿಲ್ಲುತ್ತಿತ್ತು. ಮುಂದೆ ಹೊರಡುವಾಗ ಲಿವರನ್ನು ಇಳಿಸುತ್ತಲೇ ಇರಲಿಲ್ಲ, ಕೆಳಗೆ ಬಂದು ಮತ್ತೆ ಎಳೆಯುವ ಮುಂಚೆ ಮಾತ್ರ ಇಳಿಸುತ್ತಿದ್ದಳು. ಅದು ಮೇಲಿದ್ದರೂ ಕಾರು ಸಲೀಸಾಗಿ ಹೋಗುತ್ತಿತ್ತಲ್ಲ, ಇಳಿಸಬೇಕೆಂದು ಅವಳಿಗೆ ಯಾಕೆ ಅನ್ನಿಸಬೇಕು? ಲಿವರ್ ಮೇಲಿದೆ ಎಂದು ಹೇಳುವ ಕೆಂಪು ದೀಪ ಎಂದೋ ಸತ್ತುಹೋಗಿತ್ತು. ಅವಳು ಲಿವರ್ ಇಳಿಸದೆ ಹೊರಡುವುದನ್ನು ನಾನೂ ನೋಡಿದೆ, ಆದರೆ ತಲೆಗೆ ಹೋಗಲಿಲ್ಲ. ನನಗೆ ನನ್ನದೇ ಚಿಂತೆ.

ಹತ್ತು ಸಲವೂ ನಾನು ಬೈಯಲಿಲ್ಲ.

"ಮೈ ಹುಷಾರಿಲ್ವಾ?" ಅಂದಳು.

"ಚೆನ್ನಾಗೇ ಇದೀನಿ. ಮಾಡು ಮಾಡು."

"ಅಮ್ಮಾ, ಹಣೆ ಮುಟ್ಟಿ ನೋಡು ಇವರದ್ದು."

ಅತ್ತೆ ಹಿಂದಿನಿಂದ ಕೈ ಚಾಚಿ ನೋಡಿದರು. "ತಣ್ಣಗಿದೆ. ಅದೇ ಭಯ ಆಗ್ತಿರೋದು" ಅಂದರು.

ಮಂಗಳವಾರ ಮಧ್ಯಾಹ್ನ ಕೆಲಸದ ಜಾಗದಲ್ಲೇ ಲಿವರಿನ ಸುತ್ತಲಿನ ಮುಚ್ಚಳ ಬಿಚ್ಚಿದೆ. ಒಳಗೆ ಕೇಬಲ್ ಇತ್ತು, ಕೇಬಲಿನ ತುದಿಗೆ ಒಂದು ನಟ್ಟು. ಇಷ್ಟೇ ತಾನೆ? ಟೈಲ್ಸ್ ಸಾಲಿಗೆ ಕಟ್ಟಿದ ದಾರ ಜೋತು ಬಿದ್ದರೆ ನಾವೇನು ಮಾಡುತ್ತೇವೆ, ಬಿಗಿ ಎಳೆದು ಕಟ್ಟುತ್ತೇವೆ. ಸ್ಪ್ಯಾನರ್ ಹಾಕಿ ನಟ್ಟನ್ನು ತಿರುಗಿಸಿದೆ, ತಿರುಗಿಸಿದೆ, ಇನ್ನು ತಿರುಗುವುದಿಲ್ಲ ಅನ್ನುವ ತನಕ ತಿರುಗಿಸಿದೆ. ಲಿವರ್ ಎರಡೇ ಹಲ್ಲಿಗೆ ಗಕ್ಕನೆ ನಿಂತಿತು. ಇದಕ್ಕೆ ಮೆಕ್ಯಾನಿಕ್ ಬೇರೆ ಬೇಕೆ ಅಂದುಕೊಂಡು ಮನೆಗೆ ಹೊರಟೆ.

ಕಾರು ಎಳೆಯುತ್ತಿರಲಿಲ್ಲ. ಎತ್ತಿನ ಬಾಲ ಹಿಡಿದು ಯಾರೋ ಹಿಂದಕ್ಕೆ ಜಗ್ಗುತ್ತಿದ್ದ ಹಾಗಿತ್ತು. ಆಮೇಲೆ ವಾಸನೆ. ಮನೆ ತಲುಪುವಷ್ಟರಲ್ಲಿ ಹಿಂದಿನ ಎಡ ಚಕ್ರದಿಂದ ಹೊಗೆ ಬರುತ್ತಿತ್ತು. ಮೇಲೆ ಒಂದು ಹನಿ ನೀರು ಬಿಟ್ಟೆ, ಚುಂಯ್ ಅಂದಿತು.

"ಏನ್ರೀ ಸುಟ್ಟ ವಾಸನೆ?" ಅಂತ ಹೆಂಡತಿ ಬಾಗಿಲಿಗೆ ಬಂದಳು.

"ಪಕ್ಕದ ಮನೆಯವರು ಏನೋ ಸೀಸಿದ್ದಾರೆ."

"ಅಭ್ಯಾಸಕ್ಕೆ ಹೋಗೋಣ್ವಾ?"

"ಪೆಟ್ರೋಲ್ ಇಲ್ಲ."

"ನಿನ್ನೆ ತಾನೇ ಹಾಕಿಸಿದ್ರಲ್ಲ?"

"ಆವಿಯಾಯ್ತು" ಅಂದು ಒಳಗೆ ಹೋದೆ. ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ರೂಢಿ ಇಲ್ಲದ ಕೆಲಸ ಮಾಡಿದರೆ ಹೀಗೇ ಆಗುವುದು.

ಬುಧವಾರ ಕೆಲಸಕ್ಕೆ ಚಕ್ಕರ್ ಹಾಕಿ, ನಟ್ಟು ಸ್ವಲ್ಪ ಸಡಿಲ ಮಾಡಿಕೊಂಡು, ಕಾರನ್ನು ನಿಧಾನಿಯ ಗ್ಯಾರೇಜಿಗೆ ಒಯ್ದೆ. ಅವನಿಗೆ ಆ ಹೆಸರನ್ನು ಯಾರು ಇಟ್ಟರೋ, ತಿಳಿದೇ ಇಟ್ಟಿದ್ದಾರೆ. ಒಂದು ಬೋಲ್ಟ್ ಬಿಚ್ಚಿದರೆ ಅದನ್ನು ಒರೆಸಿ, ಬೆಳಕಿಗೆ ಹಿಡಿದು, ಅದರ ಕುಶಲ ವಿಚಾರಿಸಿ, ತಟ್ಟೆಯಲ್ಲಿ ಮಲಗಿಸುತ್ತಾನೆ. ಎರಡನೆಯ ಬೋಲ್ಟಿಗೆ ಕೈ ಹಾಕುವುದು ಆಮೇಲೆ. ಅವನ ಕೆಲಸ ನೋಡುತ್ತಾ ನಿಂತರೆ ನನ್ನ ರಕ್ತ ಕುದಿಯುತ್ತದೆ. ಆದರೆ ಅವನು ಒಮ್ಮೆ ಮಾಡಿದ್ದು ಮತ್ತೆ ಕೆಡುವುದಿಲ್ಲ.

"ನಟ್ಟು ಯಾರು ಬಿಗಿ ಮಾಡಿದ್ದು ಅಣ್ಣಾ?"

"ಯಾರೋ ಮಾಡಿದ್ರು. ನೀನು ಕೆಲಸ ನೋಡು."

"ಆ ಯಾರೋಗೆ ಹೇಳಿ. ಮೊದಲು ಮಾಡಬೇಕಾದ್ದು ಚಕ್ರದ ಕಡೆ. ಕೇಬಲ್ ಕೊನೆಗೆ. ಅವರು ಅಂಗಿಗೆ ಮೊದಲು ಗುಂಡಿ ಹೊಲಿದು ಆಮೇಲೆ ಬಟ್ಟೆ ಹುಡುಕಿದ್ದಾರೆ."

ಅವನು ನಾನು ಬಿಗಿ ಮಾಡಿದ್ದನ್ನೆಲ್ಲ ಪೂರ್ತಿ ಬಿಟ್ಟು, ಜಾಕ್ ಕೊಟ್ಟು, ಚಕ್ರ ಕಳಚಿದ. ಅದರ ಹಿಂದಿನ ದುಂಡನೆಯ ಡ್ರಮ್ಮಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ತಟ್ಟುತ್ತಾ ಒಂದು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಹೊರಗೆ ತೆಗೆದ. ಒಳಗೆ ಕರಿ ಪುಡಿ ಒಂದು ಹಿಡಿ. ಎರಡು ಅರ್ಧಚಂದ್ರದ ಬ್ರೇಕ್ ಶೂಗಳು. ಅವುಗಳ ನಡುವೆ ಒಂದು ಹಲ್ಲಿನ ಚಕ್ರ, ನಾಣ್ಯದಷ್ಟು ದೊಡ್ಡದು, ತುಕ್ಕು ಹಿಡಿದು ಕೆಂಪಗಾಗಿತ್ತು.

"ನೋಡಿ ಅಣ್ಣಾ. ಕಾಲಲ್ಲಿ ಬ್ರೇಕ್ ತುಳಿದಾಗೆಲ್ಲ ಈ ಶೂ ಸವೆಯುತ್ತೆ. ಸವೆದಷ್ಟೂ, ಹ್ಯಾಂಡ್‌ಬ್ರೇಕ್ ಎಳೆದಾಗೆಲ್ಲ ಈ ಹಲ್ಲಿನ ಚಕ್ರ ತಿರುಗಿ ಶೂಗಳನ್ನ ಹೊರಗೆ ತಳ್ಳಬೇಕು. ಇದು ತಿರುಗಿಲ್ಲ, ತುಕ್ಕು ತಿಂದಿದೆ. ಶೂಗೂ ಡ್ರಮ್ಮಿಗೂ ನಡುವೆ ಬೆರಳು ಹೋಗುವಷ್ಟು ಸಂದು. ಇನ್ನು ನೀವು ಮೇಲಿಂದ ಹದಿನಾಲ್ಕು ಹಲ್ಲು ಎಳೆದ್ರೂ ಅದು ಮುಟ್ಟಲ್ಲ. ಹ್ಯಾಂಡ್‌ಬ್ರೇಕ್ ದಿನಾ ಹಾಕ್ತಿದ್ರಾ?"

"ಒಂದು ದಿನವೂ ಹಾಕಿಲ್ಲ. ಹನ್ನೊಂದು ವರ್ಷ."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಯಾಕೆ?"

"ಸವೆಯುತ್ತೆ ಅಂತ. ಜೋಪಾನ ಮಾಡಿದೆ."

ನಿಧಾನಿ ನನ್ನನ್ನೇ ನೋಡಿದ. ಅದೂ ನಿಧಾನವಾಗಿಯೇ. "ಅಣ್ಣಾ," ಅಂದ, "ಹಲ್ಲು ಉಳೀಲಿ ಅಂತ ಊಟ ಬಿಟ್ಟ ಹಾಗಾಯ್ತು."

ಬೇರೆ ದಿನವಾಗಿದ್ದರೆ ಅವನಿಗೆ ನಾಲ್ಕು ಮಾತು ಅನ್ನುತ್ತಿದ್ದೆ. ಅವತ್ತು ಅವನಿಗೆ ಟಾರ್ಚು ಹಿಡಿದೆ. ಅವನು ತುಕ್ಕು ಉಜ್ಜಿದ, ಎಣ್ಣೆ ಬಿಟ್ಟ, ಹೊಸ ಶೂ ಹಾಕಿದ, ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸಿ, ಡ್ರಮ್ ಹಾಕಿ ತಿರುಗಿಸಿ ನೋಡಿ, ಮತ್ತೆ ತೆಗೆದು, ಮತ್ತೆ ಒಂದು ಹಲ್ಲು ತಿರುಗಿಸಿ, ಮತ್ತೆ ಹಾಕಿದ. ಎರಡೂ ಕಡೆ. ಕೊನೆಗೆ ಒಳಗೆ ಕೂತು ಕೇಬಲಿನ ನಟ್ಟನ್ನು ಎರಡು ಸುತ್ತು ತಿರುಗಿಸಿದ. ಬರೀ ಎರಡು ಸುತ್ತು.

"ಎಳೀರಿ."

ಎಳೆದೆ. ಐದು ಹಲ್ಲಿಗೆ ಗೋಡೆಗೆ ಕೈ ಕೊಟ್ಟ ಹಾಗೆ ನಿಂತಿತು. ಗ್ಯಾರೇಜಿನ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಕೆಳಗಿಳಿದು, ಹಿಂದಿನಿಂದ ಭುಜ ಕೊಟ್ಟು ನೂಕಿದೆ. ಅಲ್ಲಾಡಲಿಲ್ಲ.

"ಅಕ್ಕನ ಪರೀಕ್ಷೆಗಾ?" ಅಂದ ನಿಧಾನಿ. "ಅವರಿಗೆ ಹೇಳಿ, ಇನ್ನು ಮೇಲೆ ಒಂದೇ ಕೈ ಸಾಕು ಅಂತ."

"ಹೇಳ್ತೀನಿ. ನೀನು ಮಾತ್ರ ಯಾರಿಗೂ ಹೇಳಬೇಡ."

"ನಾನು ಹೇಳೋದಕ್ಕೆ ಬಾಯಿ ತೆಗೆಯೋಷ್ಟರಲ್ಲಿ ನಾಳೆ ಕಳೆದಿರುತ್ತೆ ಬಿಡಿ" ಅಂದ.

ಗುರುವಾರ ಬೆಳಗ್ಗೆ ಅವಳಿಗೆ ಕಾರು ಮುಟ್ಟಲು ಕೊಡದೆ ನಾನೇ ಮೈದಾನದ ತನಕ ಓಡಿಸಿದೆ.

"ಒಂದು ಸುತ್ತು ಕೊಡಿ, ಕೈ ಕೂರಲಿ" ಅಂದಳು.

"ಬೇಡ. ಪರೀಕ್ಷೆಗೆ ಮುಂಚೆ ಕೈ ದಣಿಸಿಕೊಳ್ಳಬಾರದು."

"ಅಳಿಯಂದಿರಿಗೆ ಈ ವಾರ ಪ್ರೀತಿ ಉಕ್ಕಿ ಹರೀತಿದೆ" ಅಂದರು ಅತ್ತೆ. "ಒಳ್ಳೆ ಡಾಕ್ಟರಿಗೆ ತೋರಿಸಬೇಕು."

ಮೈದಾನದಲ್ಲಿ ಹಗ್ಗ ಕಟ್ಟಿರುತ್ತಾರೆ. ಪರೀಕ್ಷೆಗೆ ಬಂದವರ ಗಂಡಂದಿರು, ಹೆಂಡತಿಯರು, ಅಪ್ಪ ಅಮ್ಮಂದಿರು ಆ ಹಗ್ಗದ ಹಿಂದೆ ನಿಲ್ಲಬೇಕು. ಅಲ್ಲೊಂದು ಬೋರ್ಡಿದೆ: ಹೊರಗಿನಿಂದ ಸೂಚನೆ ಕೊಟ್ಟರೆ ಒಳಗಿದ್ದವರು ಫೇಲು. ಶನಿವಾರ ಒಬ್ಬಳ ತಮ್ಮ ಇಲ್ಲಿಂದ "ಕ್ಲಚ್ಚಕ್ಕಾ" ಎಂದು ಒಂದೇ ಒಂದು ಸಲ ಕೂಗಿ ಅವಳನ್ನು ಅಳಿಸಿ ಕಳಿಸಿದ್ದ. ಇನ್ನೊಂದು ನಿಯಮ, ಎಂಜಿನ್ ಮೂರು ಸಲ ಆಫ್ ಆದರೂ ಫೇಲು.

ನನ್ನ ಹೆಂಡತಿ ನೆಲದ ಮೇಲಿನ ಸುತ್ತುಗಳನ್ನೆಲ್ಲ ಚೆನ್ನಾಗಿ ಮಾಡಿದಳು. ಏರಿಗೆ ಬಂದಳು. ಗೆರೆಯ ಹತ್ತಿರ ನಿಲ್ಲಿಸಿದಳು. ಹಲ್ಲು ಕಚ್ಚಿ, ಸೀಟಿನಿಂದ ಎದ್ದ ಹಾಗೆ ಮಾಡಿ, ಎರಡೂ ಕೈಯಲ್ಲಿ ಲಿವರ್ ಎಳೆದಳು. ಕೇಬಲ್ ಕಿರ್ ಎಂದದ್ದು ಹಗ್ಗದ ತನಕ ಕೇಳಿಸಿತು. ಸಾಹೇಬರು ಪೊಟ್ಟಣ ಇಟ್ಟರು. "ಕಾಲು ತೆಗೀರಿ" ಅಂದರು.

ಕಾರು ಬಂಡೆಯ ಹಾಗೆ ನಿಂತಿತು. ಸಾಹೇಬರು ಬಗ್ಗಿ ಪೊಟ್ಟಣ ನೋಡಿ ತಲೆ ಆಡಿಸಿದರು. ನಾನು ಅತ್ತೆಯ ಕಡೆ ನೋಡಿ ಮೀಸೆ ಸವರಿಕೊಂಡೆ.

"ಹೊರಡಿ."

ಅವಳು ಗೇರ್ ಹಾಕಿ ಕ್ಲಚ್ ಬಿಟ್ಟಳು. ಕಾರಿನ ಹಿಂಭಾಗ ಕೋಳಿ ಮೊಟ್ಟೆಗೆ ಕೂತ ಹಾಗೆ ಕುಸಿಯಿತು. ಎಂಜಿನ್ ಆಫ್.

ಆಗ ನನ್ನ ತಲೆಗೆ ಹೋಯಿತು. ಅವಳು ಲಿವರ್ ಇಳಿಸಿಲ್ಲ. ಇಳಿಸುವುದೂ ಇಲ್ಲ. ಮೂರು ತಿಂಗಳಿಂದ ಅದು ಮೇಲಿದ್ದರೂ ಕೆಳಗಿದ್ದರೂ ಒಂದೇ ಆಗಿತ್ತು. ನನ್ನ ಕೆಟ್ಟ ಬ್ರೇಕೇ ಅವಳಿಗೆ ಹಾಗೆ ಕಲಿಸಿತ್ತು, ಪಕ್ಕದಲ್ಲಿ ಕೂತು ನಾನೂ ಅದನ್ನೇ ಕಲಿಸಿದ್ದೆ.

ಅವಳು ಮತ್ತೆ ಸ್ಟಾರ್ಟ್ ಮಾಡಿದಳು. ಇನ್ನೂ ಜೋರಾಗಿ ಎಕ್ಸಲರೇಟರ್ ಕೊಟ್ಟಳು. ಎಂಜಿನ್ ಅರಚಿತು, ಕಾರು ನಡುಗಿತು, ಆಫ್. ಸಾಹೇಬರು ಎರಡು ಬೆರಳು ತೋರಿಸಿದರು. ಕಿಟಕಿಯಲ್ಲಿ ಅವಳ ಮುಖ ಕಂಡಿತು. ಅಳುತ್ತಿರಲಿಲ್ಲ. ತನ್ನ ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು, ಅವುಗಳನ್ನೇ ನೋಡುತ್ತಿದ್ದಳು. ನಾನು ಮೂರು ತಿಂಗಳು ಬೈದ ಕೈಗಳನ್ನು.

"ಇಳಿಸು" ಎಂಬ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂತು. ಕೂಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹಗ್ಗ ದಾಟಿ ಸಾಹೇಬರ ಹತ್ತಿರ ಹೋದೆ.

"ಏನ್ರೀ, ಒಳಗೆ ಬರಬಾರದು. ಸೂಚನೆ ಕೊಟ್ಟರೆ ಫೇಲ್ ಮಾಡ್ತೀನಿ."

"ಸೂಚನೆ ಅಲ್ಲ ಸಾರ್. ಈ ಗಾಡಿ ಬಗ್ಗೆ ಒಂದು ದೂರು."

"ಯಾರ ಗಾಡಿ?"

"ನಂದೇ."

"ಯಾರ ಮೇಲೆ ದೂರು?"

ಇದನ್ನು ನಾನು ಯೋಚನೆ ಮಾಡಿರಲಿಲ್ಲ. "ನನ್ನ ಮೇಲೇ ಸಾರ್" ಅಂದೆ.

ಸಾಹೇಬರು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡರು. "ಹೇಳಿ."

ನಾನು ತಗ್ಗಿದ ದನಿಯಲ್ಲಿ ಹೇಳಿದೆ. ಪಕ್ಕದಲ್ಲಿ ಮುಂದಿನ ಪಾಳಿಯ ಕಾರು ಗುರುಗುಡುತ್ತಿತ್ತು. "ಕೇಳಿಸ್ತಿಲ್ಲ, ಜೋರಾಗಿ ಹೇಳಿ" ಅಂದರು. ಜೋರು ನನಗೆ ಹುಟ್ಟುಗುಣ.

"ಈ ಗಾಡಿ ಹ್ಯಾಂಡ್‌ಬ್ರೇಕ್ ಹಿಡೀತಿರಲಿಲ್ಲ. ಹಿಂದಿನ ಎರಡು ಸಲವೂ ಹಿಡಿದಿಲ್ಲ. ನಿನ್ನೆ ಸರಿ ಮಾಡಿಸಿದೆ. ಇವಳಿಗೆ ಹೇಳಿಲ್ಲ. ಇವಳು ಹಳೇ ಬ್ರೇಕಿನ ಲೆಕ್ಕದಲ್ಲೇ ಓಡಿಸ್ತಿದಾಳೆ."

ಮುಂದಿನ ಪಾಳಿಯವನು ಎಂಜಿನ್ ಆಫ್ ಮಾಡಿ ಕಿಟಕಿ ಇಳಿಸಿದ. ಹಗ್ಗದ ಹಿಂದೆ ಮೂವತ್ತು ಜನ ಮಾತು ನಿಲ್ಲಿಸಿದರು.

"ಯಾಕೆ ಹೇಳಿಲ್ಲ?"

"ಮೂರು ತಿಂಗಳು ಬ್ರೇಕ್ ಸರಿಯಿದೆ, ನಿನ್ನ ಕೈ ಸರಿಯಿಲ್ಲ ಅಂತ ಬೈದಿದ್ದೆ ಸಾರ್."

ಸಾಹೇಬರು ಕೈಯಲ್ಲಿದ್ದ ಹಾಳೆಗಳನ್ನು ಹಿಂದಕ್ಕೆ ತಿರುವಿದರು. "ಹಾಗಾದ್ರೆ ಹಿಂದಿನ ಎರಡು ಸಲ ನಾನು ಫೇಲ್ ಮಾಡಿದ್ದು ಯಾರನ್ನ?"

"ನನ್ನನ್ನ."

ಅತ್ತೆ ಹಗ್ಗದ ಹಿಂದೆ ಪಕ್ಕದವಳಿಗೆ ಹೇಳುತ್ತಿದ್ದರು, ಎಲ್ಲರಿಗೂ ಕೇಳಿಸುವ ಹಾಗೆ: "ನೆಲವೇ ಡೊಂಕಿತ್ತು ನೋಡಿ. ಅದೂ ನೆಲ ಹಾಕೋನ ಮನೇಲೇ."

"ಗಾಡಿ ಬದಲಾಯಿಸಿದ ಲೆಕ್ಕ ಇದು" ಅಂದರು ಸಾಹೇಬರು. "ಕೆಳಗಿಂದ ಮತ್ತೆ ಬರಲಿ. ಆಫ್ ಆಗಿದ್ದು ಎರಡೂ ಲೆಕ್ಕಕ್ಕಿಲ್ಲ. ನೀವು ಮಾತ್ರ ಅವರ ಕಡೆ ನೋಡಬಾರದು, ಕಣ್ಣಲ್ಲೇ ಹೇಳಿಕೊಡ್ತೀರಿ. ಅಲ್ಲಿ, ಆ ಗೋಡೆ ಕಡೆ ಮುಖ ಮಾಡಿ ನಿಲ್ಲಿ."

ಶಾಲೆ ಬಿಟ್ಟು ಮೂವತ್ತಾರು ವರ್ಷದ ಮೇಲೆ ನಾನು ಗೋಡೆಗೆ ಮುಖ ಮಾಡಿ ನಿಂತೆ. ಕಚೇರಿಯ ಗೋಡೆ. ಯಾವನೋ ಕೈಲಾಗದವನು ಟೈಲ್ಸ್ ಅಂಟಿಸಿದ್ದ, ಒಂದು ಸಾಲೂ ನೆಟ್ಟಗಿರಲಿಲ್ಲ. ಬೇರೆ ಹೊತ್ತಾಗಿದ್ದರೆ ಕಿತ್ತು ಹಾಕುತ್ತಿದ್ದೆ. ಈಗ ಕಿವಿಯೆಲ್ಲ ಹಿಂದೆ.

"ಬ್ರೇಕ್ ಬಿಡೋಕೆ ಬರ್ತಿಲ್ಲ ಸಾರ್, ಸಿಕ್ಕಿಕೊಂಡಿದೆ" ಅಂದಳು ಹೆಂಡತಿ.

"ಎಷ್ಟು ಎಳೆದಿದೀರಮ್ಮಾ?"

"ಮೂರು ತಿಂಗಳು ಬೈಸಿಕೊಂಡಷ್ಟು ಸಾರ್."

ಮೂವತ್ತು ಜನ ನಕ್ಕರು. ಗೋಡೆಯ ಕಡೆ ನಿಂತವನ ಬೆನ್ನಿಗೆ ನಗು ಹೇಗೆ ತಾಗುತ್ತದೆ ಅನ್ನುವುದು ನಿಂತವನಿಗೇ ಗೊತ್ತು. ಆಮೇಲೆ ಒಂದು ದೊಡ್ಡ ಕಟ್ ಕೇಳಿಸಿತು. ಲಿವರ್ ಇಳಿದಿರಬೇಕು. ಕಾರು ಕೆಳಗಿಳಿಯಿತು. ಮತ್ತೆ ಹತ್ತಿತು. ನಿಂತಿತು.

ಕಟ್. ಕಟ್. ಕಟ್. ಕಟ್. ಕಟ್. ಐದು. ಆರನೆಯದಕ್ಕೆ ಕಾದೆ, ಬರಲಿಲ್ಲ. ಒಂದು ಕೈಯಲ್ಲಿ ಎಳೆದಿದ್ದಾಳೆ ಅಂತ ಗೊತ್ತಾಯಿತು.

"ಕಾಲು ತೆಗೀರಿ."

ಏನೂ ಸದ್ದಿಲ್ಲ. ನಾನು ಟೈಲ್ಸ್ ಎಣಿಸಲು ಶುರು ಮಾಡಿದೆ. ಹದಿನೇಳಕ್ಕೆ ಬಂದಾಗ "ಹೊರಡಿ" ಅಂದರು. ಎಂಜಿನ್ ಸದ್ದು ಏರಿತು. ಒಂದು ಕ್ಷಣ ಅಲ್ಲೇ ನಿಂತು ಹಿಡಿದುಕೊಂಡಿತು. ಆಮೇಲೆ ಲಿವರ್ ಇಳಿದ ಸದ್ದು, ಆ ಸದ್ದಿನ ಬೆನ್ನಿಗೇ ಕಾರು ಮೇಲೆ ಮೇಲೆ ಹೋಗಿ ಏರಿನ ಆಚೆ ಇಳಿಯಿತು.

ನಾನು ತಿರುಗಲಿಲ್ಲ. ತಿರುಗು ಅಂತ ಯಾರೂ ಹೇಳಿರಲಿಲ್ಲ. ಸಾಹೇಬರೇ ಹತ್ತಿರ ಬಂದು ನನ್ನ ಅಂಗಿಯ ಜೇಬಿಗೆ ಏನೋ ಹಾಕಿದರು. ನೋಡಿದರೆ ಬೆಂಕಿಪೊಟ್ಟಣ, ಒಂದು ಮೂಲೆಯೂ ಮುರಿದಿರಲಿಲ್ಲ.

"ಇದು ಪಾಸು" ಅಂದರು. "ನಿಮ್ಮ ಫಲಿತಾಂಶ ಮನೇಲಿ ಗೊತ್ತಾಗುತ್ತೆ."

ಅವಳು ಮೈದಾನದಲ್ಲೇ ನಿಂತು ಮ್ಯಾನೇಜರಮ್ಮನಿಗೆ ಫೋನ್ ಮಾಡಿದಳು. ಸೋಮವಾರದಿಂದ ವ್ಯಾನ್ ಅವಳದ್ದು. ಫೋನ್ ಇಟ್ಟ ಮೇಲೆ ನನ್ನ ಮುಂದೆ ಕೈ ಚಾಚಿದಳು. ಕೀ ಕೊಟ್ಟೆ. ಮುಂದಿನ ಬಾಗಿಲಿಗೆ ಕೈ ಹಾಕಿದೆ, ಅಲ್ಲಿ ಆಗಲೇ ಅತ್ತೆ ಕೂತಿದ್ದರು. ಹಿಂದೆ ಹತ್ತಿದೆ.

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನಾನೂ ಒಂದೆರಡು ಅಂದು ಹಗುರವಾಗುತ್ತಿದ್ದೆ. ಅವಳು ಬೇಕರಿಯ ಪಕ್ಕದ ಏರಿನ ನಡುವೆ ಕಾರು ನಿಲ್ಲಿಸಿದಳು. ಒಂದು ಕೈಯಲ್ಲಿ ಬ್ರೇಕ್ ಎಳೆದು, ಕಾಲು ತೆಗೆದು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಹೊರಡಲಿಲ್ಲ.

"ಹಿಡಿದಿದೆ" ಅಂದೆ.

"ಏನಂದ್ರಿ?"

"ಬ್ರೇಕ್ ಹಿಡಿದಿದೆ ಅಂದೆ. ಮೊದಲು ಹಿಡೀತಿರಲಿಲ್ಲ."

ಹೊರಟಳು. ಶಾಲೆಯ ಮುಂದಿನ ಏರಿನಲ್ಲಿ ಮತ್ತೆ ನಿಲ್ಲಿಸಿದಳು. ಮತ್ತೆ ಮಡಿಲಲ್ಲಿ ಕೈ. ಮತ್ತೆ ಹೇಳಿದೆ. ನಮ್ಮ ಊರು ಮಟ್ಟಸ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ, ಮೈದಾನದಿಂದ ನಮ್ಮ ಮನೆಗೆ ಏಳು ಏರುಗಳಿವೆ. ನಾಲ್ಕನೆಯದಕ್ಕೆ ಅತ್ತೆ, "ಈ ಸಲ ಸ್ವಲ್ಪ ಸ್ಪಷ್ಟವಾಗಿ ಹೇಳಿ ಅಳಿಯಂದಿರೇ, ನಮ್ಮ ವಂಶದವರಿಗೆ ಕಿವಿಯೂ ಮಂದ" ಅಂದರು.

ಐದನೆಯದು ಸೇತುವೆಯ ಏರು. ಹಿಂದೆ ಒಂದು ಲಾರಿ ಬಂದು ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಅದು ಹಾರ್ನ್ ಬಾರಿಸಿತು. ಒಂದು ಸಲ, ಎರಡು ಸಲ, ಆಮೇಲೆ ಕೈಯೇ ತೆಗೆಯಲಿಲ್ಲ. ಬೆಳಗ್ಗೆಯಿಂದ ಒಳಗೆ ಹಿಡಿದಿಟ್ಟಿದ್ದದ್ದೆಲ್ಲ ನನಗೆ ನೆತ್ತಿಗೇರಿತು. ಕಿಟಕಿ ಇಳಿಸಿ ಎದೆಯ ತನಕ ಹೊರಗೆ ಬಂದೆ.

"ಏನಯ್ಯಾ ಅವಸರ? ಹ್ಯಾಂಡ್‌ಬ್ರೇಕ್ ಹಾಕಿದಾಳೆ, ಕಾಣಲ್ವಾ? ಏರಿನಲ್ಲಿ ಗಾಡಿ ನಿಲ್ಲಿಸೋದು ಹೇಗೆ ಅಂತ ನೋಡಿ ಕಲ್ತ್ಕೋ. ಒಂದು ಕೈಯಲ್ಲಿ ನಿಲ್ಲಿಸಿದಾಳೆ, ಒಂದೇ ಕೈಯಲ್ಲಿ."

ಲಾರಿಯವನು ಹಾರ್ನ್ ನಿಲ್ಲಿಸಿದ.

"ತಲೆ ಒಳಗೆ ತಗೊಳ್ಳಿ" ಅಂದಳು ಹೆಂಡತಿ. "ಬ್ರೇಕ್ ಬಿಡ್ತಿದೀನಿ."